ಅಣ್ಣನ ಹೆಸರಿನಲ್ಲಿ

ಹೆಬ್ಬಾಗಿಲಿಗೆ ಹೊಡೆದಿದ್ದ ತಗಡಿನ ಫಲಕದಲ್ಲಿ ‘ಹುತಾತ್ಮ ಯೋಧನ ಮನೆ’ ಎಂದು ಬರೆದು, ಅದರ ಕೆಳಗೆ ಕ್ವೋನ್ ಚಾಂಗ್‌ಸಿಕ್ ಎಂಬ ಹೆಸರು ಹಾಕಿದ್ದರು. ಆ ಕ್ವೋನ್ ಚಾಂಗ್‌ಸಿಕ್ ಅದೇ ಬಾಗಿಲಿನ ಒಳಗೆ, ಬೆಚ್ಚಗಿನ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಎರಡನೇ ಸಲ ಅನ್ನ ಹಾಕಿಸಿಕೊಂಡು ಉಣ್ಣುತ್ತಿದ್ದ.

ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಅನ್ನದ ಪಾತ್ರೆಯ ತಳದ ಸೀಕಲು ಕೆರೆಯುತ್ತಿದ್ದ ಪಿಲ್‌ಸುನ್‌ಗೆ ಭಾವನ ಚಮಚ ಬಟ್ಟಲಿಗೆ ಬಡಿಯುವ ಸದ್ದು ಕೇಳಿಸುತ್ತಿತ್ತು. ಬದುಕಿರುವವನು ಉಣ್ಣಲಿ, ಅದಕ್ಕೆ ಯಾರೂ ಬೇಡ ಅನ್ನುವುದಿಲ್ಲ. ಆದರೆ ಸತ್ತವನು ಅವಳ ಗಂಡ ದುಸಿಕ್. ಸತ್ತದ್ದು ಭಾವನ ಹೆಸರಿನಲ್ಲಿ.

ನಡೆದದ್ದು ದೊಡ್ಡ ಕಥೆಯೇನಲ್ಲ. ಯುದ್ಧ ಶುರುವಾದ ವರ್ಷ ಸೈನ್ಯದ ಕರೆ ಬಂದದ್ದು ಹಿರಿಯವನಾದ ಚಾಂಗ್‌ಸಿಕ್‌ಗೆ. ಅಪ್ಪ, ಮುದುಕ ಕ್ವೋನ್, ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು ಬೆಳಗಿನಿಂದ ಸಂಜೆಯವರೆಗೆ ಚಿಲುಮೆ ಸೇದಿದ. ಹಿರಿಮಗ ಹೋಗಿ ಬಾರದಿದ್ದರೆ ಹಿರಿಯರಿಗೆ ಎಡೆ ಇಡುವವರು ಯಾರು ಎಂಬುದೇ ಅವನ ಚಿಂತೆ. ಹುಲ್ಲಿನ ಹಗ್ಗ ಹೊಸೆಯುತ್ತ ಅಂಗಳದಲ್ಲಿ ಕೂತಿದ್ದ ಕಿರಿಯವನು ಅದನ್ನು ನೋಡಲಾರದೆ ತಾನೇ ಬಾಯಿಬಿಟ್ಟಿದ್ದ. “ನಾನು ಹೋಗ್ತೀನಿ ಬಿಡಪ್ಪ. ಅಣ್ಣನ ಪಾದ ಚಪ್ಪಟೆ. ಬೆಟ್ಟ ಹತ್ತು ಅಂದ್ರೆ ಅಲ್ಲೇ ಕೂತ್ಬಿಡ್ತಾನೆ.” ದುಸಿಕ್ ಅಂಥವನೇ. ಸೌದೆ ಹೊರೆ ಹೊತ್ತು ಗುಡ್ಡ ಇಳಿಯುವಾಗಲೂ ಪಕ್ಕದವನ ಹೊರೆಯಿಂದ ಎರಡು ಕೊಂಬೆ ಎಳೆದು ತನ್ನ ಬೆನ್ನಿಗೆ ಹಾಕಿಕೊಳ್ಳುವವನು. ಪಿಲ್‌ಸುನ್ ಆಗ ತುಂಬಿದ ಬಸುರಿ. “ವಾಪಸ್ ಬಂದ ಮೇಲೆ ಹೆಸರು ಬದಲಾಯಿಸ್ಕೊಂಡ್ರಾಯ್ತು” ಎಂದ ಮಾವ, ಪಕ್ಕದ ಮನೆಯ ಕುಡುಗೋಲು ಎರವಲು ತಂದವರ ಹಾಗೆ.

ಅವನು ವಾಪಸ್ ಬರಲಿಲ್ಲ. ಯುದ್ಧ ನಿಲ್ಲುವುದಕ್ಕೆ ಸ್ವಲ್ಪವೇ ಮುಂಚೆ ಪೂರ್ವದ ಯಾವುದೋ ಗುಡ್ಡದ ಮೇಲೆ ಸತ್ತ. ಬಿಳಿ ಬಟ್ಟೆ ಸುತ್ತಿದ ಪೆಟ್ಟಿಗೆಯ ಮೇಲೆ ಕ್ವೋನ್ ಚಾಂಗ್‌ಸಿಕ್ ಎಂದಿತ್ತು, ತಾಲೂಕು ಕಚೇರಿಯ ಪುಸ್ತಕದಲ್ಲೂ ಅದೇ ಹೆಸರಿಗೆ ಗೀಟು ಬಿತ್ತು. ಸರ್ಕಾರದ ಲೆಕ್ಕದಲ್ಲಿ ದುಸಿಕ್ ಗುಂಡುಕಲ್ಲಿನ ಹಾಗೆ ಬದುಕಿದ್ದ. ಹೊರಗಿನವರಿಗೆ ಈಗ ಚಾಂಗ್‌ಸಿಕ್‌ನೇ ದುಸಿಕ್, ಆ ದುಸಿಕ್‌ಗೂ ಸೈನ್ಯ ಕರೆ ಕಳಿಸಿತು. ಆಗ ಹುಲ್ಲು ಕತ್ತರಿಸುವ ಕತ್ತಿಯ ಬಾಯಿಗೆ ಚಾಂಗ್‌ಸಿಕ್ ಬಲಗೈಯ ತೋರುಬೆರಳಿಟ್ಟ, ಮಾವ ಕತ್ತಿಯನ್ನು ಕಾಲಿನಿಂದ ಒತ್ತಿದ. ಬಂದೂಕಿನ ಕುದುರೆ ಎಳೆಯಲಾಗದವನು ಎಂದು ಬಿಟ್ಟುಬಿಟ್ಟರು.

ಅಲ್ಲಿಂದ ಈ ಮನೆಯಲ್ಲಿ ಎಲ್ಲವೂ ಅಡ್ಡಾದಿಡ್ಡಿ. ಯೋಂಗ್‌ಜು ಎಂಬ ಊರಿನಿಂದ ಬಂದ ಹಿರಿಯ ಸೊಸೆಯನ್ನು ಊರವರು ಯೋಂಗ್‌ಜು ಎಂದೇ ಕರೆಯುತ್ತಿದ್ದರು. ಅವಳು ಗಂಡನ ಪಕ್ಕದಲ್ಲೇ ಮಲಗಿ ಎದ್ದು, ತಿಂಗಳಿಗೊಮ್ಮೆ ಬಿಳಿ ಬಟ್ಟೆಯುಟ್ಟು ತಾಲೂಕು ಕಚೇರಿಗೆ ಹೋಗಿ ವಿಧವೆಯರ ಪಿಂಚಣಿ ತರುತ್ತಿದ್ದಳು. ಆಮೇಲೆ ಅವಳಿಗೊಂದು ಗಂಡುಮಗುವಾಯಿತು. ವಿಧವೆಗೆ ಮಗು ಹೇಗೆ? ಅದನ್ನು ದುಸಿಕ್ ಮತ್ತು ಪಿಲ್‌ಸುನ್ ದಂಪತಿಯ ಮಗ ಎಂದು ಬರೆಸಿದರು. ಮೊದಲನೇ ವರ್ಷದ ತಿಥಿಗೆ ತಾಲೂಕಿನ ದೊಡ್ಡವರು ಧೂಪದ ಕಟ್ಟು ಹಿಡಿದು ಬಂದುಬಿಟ್ಟರು. ಬಾಯಿತಪ್ಪಿ ಸಿಕ್ಕಿಬಿದ್ದೇನೆಂದು ಹೆದರಿ ಚಾಂಗ್‌ಸಿಕ್ ದನದ ಕೊಟ್ಟಿಗೆಯ ಅಟ್ಟ ಹತ್ತಿದ. ಅವನ ದೊಡ್ಡ ಮಕ್ಕಳಿಬ್ಬರು ಅಪ್ಪನ ಹೆಸರಿಗೆ ಅಡ್ಡಬಿದ್ದರು. ಬಂದವರು ಹೋದ ಮೇಲೆ ಕೂದಲಲ್ಲಿ ಹೊಟ್ಟು ಸಿಕ್ಕಿಸಿಕೊಂಡು ಸೀನುತ್ತ ಇಳಿದು ಬಂದವನು, ಎಡೆಗಿಟ್ಟಿದ್ದ ಒಣಮೀನು, ಮರಸೇಬು ಎಲ್ಲವನ್ನೂ ತಿಂದ. ತನ್ನ ತಿಥಿಯ ಊಟ ತಾನೇ ಉಂಡವನು ಆ ಸೀಮೆಯಲ್ಲಿ ಅವನೊಬ್ಬನೇ ಇರಬೇಕು. ಊರಿಗೆ ಊರೇ ಕ್ವೋನ್ ಕುಲದವರು, ಎಲ್ಲರಿಗೂ ಗೊತ್ತು, ಯಾರೂ ಹೊರಗೆ ಬಾಯಿಬಿಡಲಿಲ್ಲ. ಬಾವಿಕಟ್ಟೆಯಲ್ಲಿ ಮಾತ್ರ ಹೆಂಗಸರು ಯೋಂಗ್‌ಜುವನ್ನು “ಏನಮ್ಮ, ಸತ್ತ ಗಂಡ ಚೆನ್ನಾಗಿದಾನಾ?” ಎಂದು ಕೇಳಿ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದರು.

ಪಿಲ್‌ಸುನ್ ಇದನ್ನೆಲ್ಲ ನುಂಗಿಕೊಂಡೇ ಬದುಕಿದ್ದಳು. ಮಗಳು ಮಿಜಾ ಶಾಲೆಗೆ ಹೋಗುವಷ್ಟಾಗಿದ್ದಳು. ಸೋಪು ಮಾರುವ ಆ ಮನುಷ್ಯ ಬರದಿದ್ದರೆ ಇನ್ನೂ ಎಷ್ಟು ವರ್ಷ ನುಂಗುತ್ತಿದ್ದಳೋ.

ಅವನು ಬಂದದ್ದು ಬೆಳ್ಳುಳ್ಳಿ ಗಡ್ಡೆ ಕಟ್ಟುವ ದಿನಗಳಲ್ಲಿ, ಭಾವ ಎರಡನೇ ಸಲ ಅನ್ನ ಹಾಕಿಸಿಕೊಂಡ ಆ ಊಟದ ಹೊತ್ತಿನಲ್ಲೇ. ಒಂದು ಕೈಯಿಲ್ಲ, ಆ ಜಾಗದಲ್ಲಿ ಕಬ್ಬಿಣದ ಕೊಕ್ಕೆ. ಹೆಗಲಿಗೆ ಸೋಪು, ಬಾಚಣಿಗೆಗಳ ಪೆಟ್ಟಿಗೆ. ಯುದ್ಧದಲ್ಲಿ ಕೈಕಾಲು ಕಳೆದುಕೊಂಡ ಇಂಥವರು ಬಂದರೆ ಊರವರು ಬಾಗಿಲು ಹಾಕಿಕೊಳ್ಳುತ್ತಿದ್ದರು. ಕೊಳ್ಳುವವರೆಗೆ ಕೊಕ್ಕೆಯಿಂದ ಬಾಗಿಲು ಕೆರೆಯುತ್ತ ನಿಲ್ಲುವ ಜನ. ಆದರೆ ಇವನು ಫಲಕದ ಮುಂದೆ ಟೋಪಿ ತೆಗೆದು ನಿಂತಿದ್ದ.

“ಕ್ವೋನ್ ಚಾಂಗ್‌ಸಿಕ್ ಮನೆ ಇದೇನಾ?”

ಚಾಂಗ್‌ಸಿಕ್ “ಹಾಂ” ಎಂದು ಅರ್ಧ ಎದ್ದೇಬಿಟ್ಟಿದ್ದ. ಅತ್ತೆ ಅವನ ಬೆನ್ನಿಗೆ ಗುದ್ದಿ ಹಿಂದಿನ ಕೋಣೆಗೆ ನೂಕಿ ಕಾಗದ ಹಚ್ಚಿದ ಜಾರುಬಾಗಿಲು ಎಳೆದಳು.

“ಇದೇ ಮನೆ. ನೀವ್ಯಾರು?” ಎಂದ ಮಾವ.

“ಯಾಂಗ್ ಅಂತ. ಅವನ ದಳದಲ್ಲೇ ಇದ್ದೆ ಅಪ್ಪಾಜಿ. ಕೊನೇವರೆಗೂ.”

ಬಾಗಿಲಿಗೆ ಬಂದವನನ್ನು ಕಳಿಸುವುದು ಹೇಗೆ? ಒಳಗೆ ಕರೆದು ಕೂರಿಸಿದರು. ಪಿಲ್‌ಸುನ್ ಊಟದ ಮಣೆ ತಂದಿಟ್ಟಳು. ಬಾರ್ಲಿ ಬೆರೆಸಿದ ಅನ್ನ, ಹುದುಗಿಸಿದ ಸೋಯಾ ಸಾರು, ಉಪ್ಪುಖಾರ ಬೆರೆಸಿ ಹುಳಿ ಬರಿಸಿದ ಮೂಲಂಗಿ ಕಿಮ್ಚಿ, ಒಂದು ಬಟ್ಟಲು ಅಕ್ಕಿ ಹೆಂಡ. ಅವನು ಮೊದಲು ಹೆಂಡ ಕುಡಿದ.

“ಕಿವುಡ ಕ್ವೋನ್ ಅಂತಿದ್ವಿ ನಾವು ಅವನ್ನ” ಎಂದು ನಕ್ಕ.

“ನನ್ನ ಮಗ ಕಿವುಡ ಅಲ್ಲ” ಎಂದಳು ಅತ್ತೆ ಬಿರುಸಾಗಿ.

“ಅಲ್ಲ ಅಂತ ಆಮೇಲೆ ಗೊತ್ತಾಯ್ತು ತಾಯಿ. ಎಲೆ ಅಲ್ಲಾಡಿದ್ರೂ ಮೊದಲು ಕೇಳ್ಸ್ತಿದ್ದಿದ್ದು ಅವನಿಗೇ. ಹೆಸರು ಕರೆದ್ರೆ ಮಾತ್ರ ಕೇಳ್ಸ್ತಿರಲಿಲ್ಲ ನೋಡಿ! ಬೆಳಗ್ಗೆ ಹಾಜರಿ ಕೂಗೋವಾಗ ‘ಕ್ವೋನ್ ಚಾಂಗ್‌ಸಿಕ್’ ಅಂದ್ರೆ ಸುಮ್ನೆ ಆಕಾಶ ನೋಡ್ಕೊಂಡು ನಿಂತಿರೋನು. ಸಾರ್ಜೆಂಟ್ ಬಂದು ಕೆನ್ನೆಗೆ ಬಾರಿಸೋನು. ‘ಲೋ, ನಿನ್ನ ಹೆಸರೇ ನಿನಗೆ ಗೊತ್ತಿಲ್ವಾ?’ ಅಂತ. ಇವನು ನಗೋನು. ಎಷ್ಟು ಏಟು ತಿಂದ ಆ ಹೆಸರಿಗೆ!”

ಮಾವ ಚಿಲುಮೆಗೆ ಹೊಗೆಸೊಪ್ಪು ತುಂಬತೊಡಗಿದ. ಯಾಂಗ್ ತಾನು ಹೇಳಿದ್ದು ತಮಾಷೆಯಾಗಿಲ್ಲವೇನೋ ಎಂದುಕೊಂಡು ಒಂದು ತುತ್ತು ಅನ್ನ ತಿಂದ. ಆಮೇಲೆ ಒಳ್ಳೆಯ ಮಾತಿಗೆ ಹೊರಳಿದ. ಎಷ್ಟು ಭಾರವಾದರೂ ಹೊರುತ್ತಿದ್ದನಂತೆ. ಬೆನ್ನಿಗೆ ಎರಡು ಕವಲಿನ ಮರದ ಚೌಕಟ್ಟು ಕಟ್ಟಿಕೊಂಡು, ಊರಲ್ಲಿ ಸೌದೆ ಹೊರುವ ಹಾಗೆ ಗುಂಡಿನ ಪೆಟ್ಟಿಗೆಗಳನ್ನು ಹೊತ್ತು ಗುಡ್ಡ ಹತ್ತುವುದು, ಇಳಿಯುವಾಗ ಗಾಯಗೊಂಡವರನ್ನು ಕೂರಿಸಿಕೊಂಡು ಇಳಿಯುವುದು. “ನನ್ನನ್ನೂ ಹಾಗೇ ಇಳಿಸಿದ್ದ ಒಂದ್ಸಲ. ದಾರಿಯುದ್ದಕ್ಕೂ ‘ನೀನು ನಮ್ಮೂರ ಹಂದಿಗಿಂತ ಭಾರ ಇದೀಯ’ ಅಂತ ಬೈಕೊಂಡೇ ಬಂದ.” ಆಮೇಲೆ ಅವನು ಹೆಂಗಸರ ಕಡೆ ತಿರುಗಿ ಬಿಳಿ ಬಟ್ಟೆಯವಳು ಯಾರೆಂದು ನೋಡಿದ. ಹಿಂದಿನ ದಿನ ಕಚೇರಿಗೆ ಹೋಗಿದ್ದ ಯೋಂಗ್‌ಜು ಇನ್ನೂ ಅದೇ ಬಟ್ಟೆಯಲ್ಲಿದ್ದಳು.

“ಪಿಲ್‌ಸುನ್ ಅಂದ್ರೆ ನೀವೇನಾ ಅಮ್ಮ?”

ಕೈಯಲ್ಲಿದ್ದ ಹೆಂಡದ ಹೂಜಿಯನ್ನು ಪಿಲ್‌ಸುನ್ ನೆಲಕ್ಕಿಟ್ಟಳು.

“ನಿದ್ದೇಲಿ ಆ ಹೆಸರು ಕನವರಿಸ್ತಿದ್ದ. ಯಾರೋ ಅದು ಅಂದ್ರೆ, ನನ್ನ ಹೆಂಡ್ತಿ ಅನ್ನೋನು. ಕಿಮ್ಚಿಗೆ ಉಪ್ಪು ಜಾಸ್ತಿ ಹಾಕ್ತಾಳೆ, ಯುದ್ಧ ಮುಗಿದ್ರೆ ಆ ಉಪ್ಪುಪ್ಪು ಕಿಮ್ಚೀನೇ ತಿನ್ಬೇಕು ಅನ್ನೋನು.”

ಯೋಂಗ್‌ಜು ಮಾವನ ಕಡೆ ನೋಡಿದಳು. ಉತ್ತರ ಕೊಟ್ಟದ್ದು ಮಾವ. “ಹೌದು. ಅವಳೇ.”

“ಹೌದು, ನಾನೇ” ಎಂದಳು ಯೋಂಗ್‌ಜು ನೆಲ ನೋಡುತ್ತ.

ಗಂಡ ಅಷ್ಟು ದೂರದಿಂದ ಕಳಿಸಿದ್ದ ಒಂದೇ ಒಂದು ಮಾತು ಪಿಲ್‌ಸುನ್‌ಳ ಕಣ್ಣೆದುರೇ ಬೇರೆಯವಳ ಮಡಿಲಿಗೆ ಬಿದ್ದಿತ್ತು. ಅವಳು ಎದ್ದು ಹೋಗಬೇಕೆಂದುಕೊಂಡಳು. ಆದರೆ ಅತ್ತೆ ಕೇಳಿಬಿಟ್ಟಳು: “ಹೇಗೆ ಸತ್ತ?”

ಯಾಂಗ್ ಚಮಚ ಕೆಳಗಿಟ್ಟ. “ನೀರು ಹೊತ್ಕೊಂಡು ಮೇಲೆ ಬರ್ತಿದ್ದ ತಾಯಿ. ಮೇಲಿನವರಿಗೆಲ್ಲ ಗಂಟಲು ಒಣಗಿತ್ತು. ಎದುರು ದಿಬ್ಬದಲ್ಲಿ ಅವರ ಮಿಷಿನ್‌ಗನ್ ಈ ಕಡೆ ತಿರುಗಿದ್ದು ನಮಗೆ ಕಾಣ್ತಿತ್ತು, ದಾರೀಲಿದ್ದವರಿಗೆ ಕಾಣ್ತಿರಲಿಲ್ಲ. ಆ ಗದ್ದಲದಲ್ಲಿ ಮಾತು ಕೇಳಲ್ಲ. ಆದ್ರೆ ತನ್ನ ಹೆಸರು ಅಂದ್ರೆ ಮನುಷ್ಯ ಎಂಥ ಗದ್ದಲದಲ್ಲೂ ತಿರುಗಿ ನೋಡ್ತಾನಲ್ವಾ? ತಿರುಗಿದ್ರೆ ಕೈಸನ್ನೆ ಮಾಡೋಣ ಅಂತ ಒಬ್ಬೊಬ್ಬರ ಹೆಸರೂ ಕೂಗಿದ್ವಿ. ‘ಚೋ’ ಅಂದೆ, ಚೋ ತಿರುಗಿದ, ಬಂಡೆ ಹಿಂದೆ ಬಿದ್ದ, ಈಗ್ಲೂ ಬದುಕಿದಾನೆ. ‘ಚಾಂಗ್‌ಸಿಕ್! ಚಾಂಗ್‌ಸಿಕ್!’ ಅಂತ ಗಂಟಲು ಹರಿಯೋ ಹಾಗೆ ಕಿರುಚಿದೆ. ಇವನು ಯಾರನ್ನೋ ಕರೀತಿದಾರೆ ಅನ್ನೋ ಹಾಗೆ ನೀರು ಚೆಲ್ಲದೆ ನಿಧಾನಕ್ಕೆ ನಡ್ಕೊಂಡು ಬಂದ.”

ಕಾಗದದ ಬಾಗಿಲಿನ ಹಿಂದೆ ಯಾರೋ ಉಸಿರೆಳೆದುಕೊಂಡ ಸದ್ದಾಯಿತು. ಅತ್ತೆ ಯಾಂಗ್‌ನ ಮುಖವನ್ನೇ ನೋಡುತ್ತಿದ್ದಳು.

ಯಾಂಗ್ ಹೋಗುವಾಗ ಮಾವ ಅವನ ಪೆಟ್ಟಿಗೆಯಲ್ಲಿದ್ದ ಅಷ್ಟೂ ಸೋಪು ಕೊಂಡ.

ಅಂದಿನಿಂದ ಮನೆ ಮನೆಯಾಗಿ ಉಳಿಯಲಿಲ್ಲ. ಅತ್ತೆ ಹಿರಿಮಗನಿಗೆ ಬಡಿಸುವುದನ್ನು ಬಿಟ್ಟಳು. ಅವನು ಬಟ್ಟಲು ಚಾಚಿದರೆ ಕಾಣದವಳಂತೆ ಎದ್ದು ಹೋಗಿ ಕೋಳಿ ಓಡಿಸುತ್ತಿದ್ದಳು. ಚಾಂಗ್‌ಸಿಕ್ ಕೆಲವು ದಿನ ತಡೆದ, ಆಮೇಲೆ ಒಂದು ಬೆಳಿಗ್ಗೆ ಬಟ್ಟಲನ್ನು ಮಣೆಯ ಮೇಲೆ ಕುಕ್ಕಿದ.

“ನಾನೇನು ಅವನಿಗೆ ಹೋಗು ಅಂದಿದ್ನಾ ಅಮ್ಮ? ನೀವೆಲ್ಲ ಸೇರಿ ಕಳ್ಸಿದ್ರಿ!”

“ನಾನು ಹೋಗ್ತೀನಿ ಅಂತಾನೂ ಅನ್ನಲಿಲ್ಲ ನೀನು.”

“ಹೋಗಿ ಸತ್ತಿದ್ರೆ ಸಂತೋಷ ಆಗ್ತಿತ್ತಾ ನಿನಗೆ?”

“ನೀನು ಹೋಗಿದ್ರೆ ಕರೆದಾಗ ತಿರುಗಿ ನೋಡ್ತಿದ್ದೆ” ಎಂದಳು ಅತ್ತೆ. “ಸಾಯ್ತಾನೇ ಇರಲಿಲ್ಲ.”

ಚಾಂಗ್‌ಸಿಕ್ ಉಣ್ಣದೆ ಎದ್ದು ಹೊಲಕ್ಕೆ ಹೋದ. ಯೋಂಗ್‌ಜು ಆ ಸಿಟ್ಟನ್ನು ತಂದು ಪಿಲ್‌ಸುನ್ ಮೇಲೆ ಸುರಿದಳು.

“ನನ್ನನ್ನ ಹಾಗೆ ಯಾಕೆ ನೋಡ್ತೀಯ? ನಾನೇನು ಆಸೆಪಟ್ಟು ಪಿಲ್‌ಸುನ್ ಆದ್ನಾ? ಗಂಡ ಗುಂಡುಕಲ್ಲಿನ ಹಾಗಿದ್ರೂ ನಾನು ಬಿಳಿ ಬಟ್ಟೆ ಉಡ್ತೀನಿ. ನಾನು ಹೆತ್ತ ಕೂಸಿಗೆ ನೀನು ತಾಯಿ ಅಂತೆ. ನಾಳೆ ಅವನು ಓದೋದು ಕಲ್ತು ಬಂದು ಕೇಳಿದ್ರೆ ಏನು ಹೇಳ್ಲಿ?”

“ನಿಮ್ಮ ಕೂಸು ನಿಮ್ಮ ಹತ್ರಾನೇ ಮಲಗುತ್ತಲ್ಲ ಅಕ್ಕ” ಎಂದಳು ಪಿಲ್‌ಸುನ್. “ನಿಮ್ಮ ಗಂಡಾನೂ.”

ಯೋಂಗ್‌ಜು ಬಕೆಟ್ಟಿನ ನೀರನ್ನು ಅಂಗಳಕ್ಕೆ ರಾಚಿ ಒಳಗೆ ಹೋದಳು.

ಇಷ್ಟರಲ್ಲಿ ಊರ ಮುಖ್ಯಸ್ಥ ಸರ್ಕಾರದ ಕರೆ ತಂದ. ಸಿಯೋಲ್‌ನ ಸೈನಿಕ ಸ್ಮಶಾನದಲ್ಲಿ ಸ್ಮರಣೆಯ ದಿನಕ್ಕೆ ಹುತಾತ್ಮನ ಹೆಂಡತಿಗೂ ತಾಯಿಗೂ ಆಹ್ವಾನ. ರೈಲಿನ ಟಿಕೆಟ್ಟು ಸರ್ಕಾರದ್ದು. ಜೊತೆಗೆ ತಾಲೂಕು ಕಚೇರಿಯ ಗುಮಾಸ್ತ ಬರುತ್ತಾನೆ. ಯೋಂಗ್‌ಜು ಮತ್ತು ಅತ್ತೆ ಹೋಗುವುದು ಎಂದು ಮಾವ ಒಂದೇ ಮಾತಿನಲ್ಲಿ ತೀರ್ಮಾನಿಸಿ ಚಿಲುಮೆ ಕೊಡವಿದ.

ಪಿಲ್‌ಸುನ್ ಅವನ ಊಟದ ಮಣೆ ತಂದಿಟ್ಟವಳು ಹಿಂದಕ್ಕೆ ಸರಿಯದೆ ಅಲ್ಲೇ ಮಂಡಿಯೂರಿದಳು.

“ಮಾವ, ನನ್ನನ್ನೂ ಕಳಿಸಿ.”

“ಯಾವ ಲೆಕ್ಕದಲ್ಲಿ?”

“ಯಾವ ಲೆಕ್ಕದಲ್ಲಾದ್ರೂ ಸರಿ. ಅತ್ತೆಗೆ ಮಂಡಿನೋವು, ಹೊತ್ಕೊಂಡು ಹೋಗೋ ಆಳು ಅಂತ ಹೇಳಿ.”

“ಬೆಳ್ಳುಳ್ಳಿ ಕೀಳೋ ಕಾಲ. ನೀನು ಹೋದ್ರೆ ಹೊಲದಲ್ಲಿ ಯಾರು?”

“ಅಲ್ಲಿ ಹೋಗಿ ನಾನೇನೂ ಮಾಡಲ್ಲ. ಅತ್ತೆ ಒಂದೇ ಒಂದು ಸಲ ಅವರನ್ನ ಅವರ ಹೆಸರು ಹಿಡಿದು ಕರೀಲಿ. ಅಷ್ಟು ಸಾಕು ನನಗೆ.”

ಮಾವನ ಚಮಚ ಸಾರಿನ ಬಟ್ಟಲ ಮೇಲೇ ನಿಂತಿತು. “ಏನಂದೆ?”

“ನಾನು ಕರೆಯೋ ಹಾಗಿಲ್ಲವಲ್ಲ ಮಾವ. ಗಂಡನ ಹೆಸರು ಬಾಯಿಗೆ ಹೇಗೆ ತರ್ಲಿ? ಬದುಕಿದ್ದಾಗಲೂ ಕರೆದವಳಲ್ಲ. ಅತ್ತೆ ಹೆತ್ತೋರು, ಅವರು ಕರೀಬಹುದು. ಆ ಮನುಷ್ಯ ಹೇಳಿದ್ದು ಕೇಳಿದ್ರಲ್ಲ. ಅಷ್ಟು ವರ್ಷ ಯಾರದೋ ಹೆಸರಲ್ಲಿ ಏಟು ತಿಂದು, ಯಾರದೋ ಹೆಸರಲ್ಲಿ ಸತ್ತು, ಈಗ ಯಾರದೋ ಹೆಸರಿನ ಕೆಳಗೆ ಮಲಗಿದಾರೆ. ಊರವರು, ದೇಶದವರು ಬಂದು ಚಾಂಗ್‌ಸಿಕ್ ಚಾಂಗ್‌ಸಿಕ್ ಅಂತ ಹೂವಿಟ್ಟು ಹೋಗ್ತಾರೆ. ಅದು ತನಗೇ ಅಂತ ಅವರಿಗೆ ಹೇಗೆ ಗೊತ್ತಾಗ್ಬೇಕು?”

ಅಡುಗೆಮನೆಯಲ್ಲಿ ಅತ್ತೆ ಪಾತ್ರೆ ತಿಕ್ಕುವುದನ್ನು ನಿಲ್ಲಿಸಿದ್ದಳು.

“ಗುಮಾಸ್ತ ಪಕ್ಕದಲ್ಲೇ ನಿಂತಿರ್ತಾನೆ” ಎಂದ ಮಾವ. ಅವನ ದನಿ ಏರಲಿಲ್ಲ. “ಒಂದು ಹೆಸರು ಬಾಯಿಂದ ಬಿದ್ರೆ ಅವನು ಎರಡನೇದು ಕೇಳ್ತಾನೆ. ಎರಡನೇದು ಹೇಳಿದ್ರೆ ಪೊಲೀಸ್ ಬರ್ತಾರೆ. ಚಾಂಗ್‌ಸಿಕ್ ಜೈಲಿಗೆ, ನಾನು ಜೈಲಿಗೆ. ಒಬ್ಬ ಮಗ ಮಣ್ಣಿಗೆ ಹೋದ. ಇನ್ನೊಬ್ಬನನ್ನೂ ಕಳಿಸಿದ್ರೆ ನಿನಗೆ ತಂಪಾಗುತ್ತಾ? ಆಮೇಲೆ ನೀನು, ನಿನ್ನ ಮಗಳು ಯಾರ ಅನ್ನ ತಿಂತೀರಿ?”

ಮಾವ ಹೇಳಿದ್ದು ಸುಳ್ಳಲ್ಲ. ಅದಕ್ಕೇ ಪಿಲ್‌ಸುನ್‌ಗೆ ಇನ್ನಷ್ಟು ಸಿಟ್ಟು ಬಂತು. ಮಾರನೆಯ ದಿನ ಎಲ್ಲರೂ ಹೊಲಕ್ಕೆ ಹೊರಟರೆ ಅವಳು ಜಗಲಿಯ ಮೇಲೆ ಕೈ ಮಡಿಲಲ್ಲಿಟ್ಟುಕೊಂಡು ಕೂತಳು.

“ಏಳೇ” ಎಂದ ಮಾವ.

“ಏಳಲ್ಲ.”

“ಮೈ ಹುಷಾರಿಲ್ವಾ?”

“ಚೆನ್ನಾಗಿದೆ.”

ಆ ಮನೆಯಲ್ಲಿ ಸೊಸೆಯೊಬ್ಬಳು ಮೈ ಚೆನ್ನಾಗಿದ್ದೂ ಸುಮ್ಮನೆ ಕೂತದ್ದು ಅದೇ ಮೊದಲು. ಯೋಂಗ್‌ಜು ಅಡುಗೆಗೆ ನಿಂತಳು, ಬಾರ್ಲಿ ಅರೆಬೆಂದು ಅಕ್ಕಿ ಸೀದಿತ್ತು. ಮಕ್ಕಳು ಮುಖ ಕಿವುಚಿದರು. ಚಾಂಗ್‌ಸಿಕ್‌ನ ಬೆರಳಿಲ್ಲದ ಕೈಗೆ ಬೆಳ್ಳುಳ್ಳಿಯ ದಂಟು ಜಾರುತ್ತಿತ್ತು, ಎಳೆದರೆ ಎಲೆ ಕೈಗೆ ಬಂದು ಗಡ್ಡೆ ಮಣ್ಣಲ್ಲೇ ಉಳಿಯುತ್ತಿತ್ತು. ಪಿಲ್‌ಸುನ್ ಒಬ್ಬಳು ಕೀಳುತ್ತಿದ್ದ ಸಾಲುಗಳನ್ನು ಮೂವರು ಸೇರಿ ಕೀಳಲಾಗಲಿಲ್ಲ. ದಕ್ಷಿಣದ ಕಡೆ ಮೋಡ ಕಟ್ಟತೊಡಗಿತು. ಮಳೆ ಹೊಡೆದರೆ ಗಡ್ಡೆಯೆಲ್ಲ ಮಣ್ಣಲ್ಲೇ ಕೊಳೆಯುತ್ತದೆ.

“ಬೀದಿಗೆ ಹಾಕ್ತೀನಿ ನಿನ್ನ” ಎಂದು ಮಾವ ಗದರಿದ.

“ಹಾಕಿ. ಬೀದೀಲಿ ಯಾರಾದ್ರೂ ಯಾಕಮ್ಮ ಅಂತ ಕೇಳ್ತಾರೆ.”

ಮಾವ ಅವಳ ಮೇಲೆ ಕೈಯೆತ್ತಿದ. ಅಷ್ಟರಲ್ಲಿ ಅತ್ತೆ ಗೂನು ಬೆನ್ನಿನಲ್ಲೇ ಬಂದು ನಡುವೆ ನಿಂತಳು.

“ಇವಳು ಬರದಿದ್ರೆ ನಾನೂ ಹೋಗಲ್ಲ. ತಾಯಿ ಯಾಕೆ ಬರಲಿಲ್ಲ ಅಂತ ಗುಮಾಸ್ತ ಕೇಳಿದ್ರೆ ನೀವೇ ಹೇಳ್ಕೊಳ್ಳಿ.”

“ನೀನೂನಾ?”

“ನನಗೆ ಮಂಡಿನೋವು ಕಣ್ರೀ” ಎಂದಳು ಅತ್ತೆ. ಅವಳ ಕಣ್ಣು ಕೆಂಪಗಿತ್ತು. “ಮಂಡಿನೋವು ಅಷ್ಟೇ.”

ಮಾವ ಸೋತ. ಆದರೆ ಸುಮ್ಮನೆ ಸೋಲುವವನಲ್ಲ. ಹೆಂಡತಿಯನ್ನೂ ಸೊಸೆಯರನ್ನೂ ಸತ್ತ ಹಿರಿಯರ ಹೆಸರು ಬರೆದು ಪೂಜಿಸುವ ಫಲಕಗಳ ಮುಂದೆ ಕೂರಿಸಿ, ಸಿಯೋಲ್‌ನಲ್ಲಿ ಕಿರಿಯವನ ಹೆಸರು ಬಾಯಿಗೆ ತರುವುದಿಲ್ಲ ಎಂದು ಆಣೆ ಹಾಕಿಸಿದ. ಪಿಲ್‌ಸುನ್ ಆಣೆ ಹಾಕುವಾಗ ಅವಳಿಗೆ ನಗು ಬಂತು. ತಾನು ಎಂದೂ ಹೇಳದ ಹೆಸರನ್ನು ಹೇಳುವುದಿಲ್ಲ ಎಂದು ಆಣೆ! ಅತ್ತೆ ತುಟಿ ಮಾತ್ರ ಅಲ್ಲಾಡಿಸಿದಳು. ಪಿಲ್‌ಸುನ್ ಅದೇ ದಿನ ಹೊಲಕ್ಕಿಳಿದು, ಮಳೆ ಬರುವುದರೊಳಗೆ ತನ್ನ ಸಾಲುಗಳನ್ನು ಕಿತ್ತು, ಒಂದು ಬುಟ್ಟಿ ಗಡ್ಡೆ ಮಾರಿ ತನ್ನ ಟಿಕೆಟ್ಟಿಗೆ ಒದಗಿಸಿಕೊಂಡಳು.

ಹೊರಡುವಾಗ ಮಿಜಾ ಅಮ್ಮನ ಲಂಗ ಹಿಡಿದು ಕೇಳಿದಳು: “ದೊಡ್ಡಪ್ಪನ ಸಮಾಧಿ ನೋಡೋಕೆ ಹೋಗ್ತಿದೀಯಾ?”

“ಹೌದು” ಎಂದಳು ಪಿಲ್‌ಸುನ್.

ರೈಲಿನ ತುಂಬ ಬಿಳಿ ಬಟ್ಟೆಯ ಹೆಂಗಸರು. ಮೊಟ್ಟೆ ಬೇಯಿಸಿ ತಂದವರು, ಅಕ್ಕಿ ಉಂಡೆ ಕಟ್ಟಿ ತಂದವರು, ಪಕ್ಕದವರಿಗೆ ಹಂಚಿ ತಿಂದರು. “ನಿಮ್ಮವರು ಎಲ್ಲಿ ಸತ್ತದ್ದು? ನಮ್ಮವರು ಇಂಥಲ್ಲಿ” ಎಂದು ಮಾತಾಡಿಕೊಂಡರು. ಯೋಂಗ್‌ಜುವನ್ನು ಕೇಳಿದಾಗ ಅವಳು ತಡವರಿಸಿದಳು. ಅವಳಿಗೆ ಗುಡ್ಡದ ಹೆಸರೂ ನೆನಪಿರಲಿಲ್ಲ. ಪಿಲ್‌ಸುನ್ ಪಕ್ಕದಿಂದ ಹೇಳಿಕೊಟ್ಟಳು. “ನೀವು ಯಾರು ಇವರಿಗೆ?” ಎಂದು ಕೇಳಿದವಳಿಗೆ “ಓರಗಿತ್ತಿ” ಎಂದಳು. “ಪುಣ್ಯವಂತೆ ನೀನು, ನಿನ್ನ ಗಂಡ ಉಳಿದ” ಎಂದು ಆ ಹೆಂಗಸು ಒಂದು ಮೊಟ್ಟೆ ಸುಲಿದು ಅವಳ ಕೈಗಿಟ್ಟಳು.

ಸ್ಮಶಾನದ ಇಳಿಜಾರಿನಲ್ಲಿ ಬಿಳಿ ಬಣ್ಣ ಬಳಿದ ಮರದ ಕಂಬಗಳು ಕಣ್ಣು ಹಾಯುವವರೆಗೆ ನಿಂತಿದ್ದವು. ಭಾಷಣ, ತುತ್ತೂರಿ ಎಲ್ಲ ಮುಗಿದ ಮೇಲೆ ಮನೆಯವರನ್ನು ಕಂಬಗಳ ಹತ್ತಿರ ಬಿಟ್ಟರು. ಪಿಲ್‌ಸುನ್ ಅತ್ತೆಯನ್ನು ಬೆನ್ನ ಮೇಲೆ ಹೊತ್ತು ಹತ್ತಿದಳು. ಅತ್ತೆ ಇಷ್ಟು ಹಗುರ ಎಂದು ಅವಳಿಗೆ ಗೊತ್ತಿರಲಿಲ್ಲ. ಮುಂದೆ ಗುಮಾಸ್ತ ಕೈಯಲ್ಲಿ ಕಾಗದ ಹಿಡಿದು ಸಾಲುಗಳನ್ನು ನೋಡುತ್ತ ನಡೆದ. “ಇಲ್ಲಿದೆ” ಎಂದು ನಿಂತ.

ಸುತ್ತಲೂ ಹೆಂಗಸರು ಕಂಬಗಳನ್ನು ತಬ್ಬಿಕೊಂಡು ಎದೆ ಬಡಿದುಕೊಳ್ಳುತ್ತಿದ್ದರು. ಯೋಂಗ್‌ಜು ಮಂಡಿಯೂರಿ ಬಟ್ಟಲಿಗೆ ಹೆಂಡ ಸುರಿದಳು, ಹೆಂಡತಿಯ ಜಾಗದಲ್ಲಿ ಕೂತು ಎರಡು ಸಲ ಬಾಗಿದಳು. “ಮಕ್ಕಳ ಅಪ್ಪಾ” ಎಂದು ಒಂದು ಸಲ ಅಂದಳು. ಅಳು ಬರಲಿಲ್ಲ. ಹೇಗೆ ಬಂದೀತು, ಹಿಂದಿನ ದಿನ ಚಾಂಗ್‌ಸಿಕ್‌ನ ಹರಿದ ಕಾಲುಚೀಲಕ್ಕೆ ತೇಪೆ ಹಾಕಿ ಬಂದಿದ್ದಳು. ತೋಳಿನಿಂದ ಮುಖ ಮುಚ್ಚಿಕೊಂಡಳು. “ಪಾಪ, ಅತ್ತೂ ಅತ್ತೂ ಕಣ್ಣೀರು ಬತ್ತಿಹೋಗಿದೆ” ಎಂದ ಗುಮಾಸ್ತ. ಅವನು ಕೆಟ್ಟವನಲ್ಲ.

ಪಿಲ್‌ಸುನ್ ಎರಡು ಹೆಜ್ಜೆ ಹಿಂದೆ ನಿಂತಿದ್ದಳು. ಓರಗಿತ್ತಿ ನಿಲ್ಲಬೇಕಾದ ಜಾಗ ಅದು. ಈ ಮಣ್ಣಿನ ಕೆಳಗೆ ಅವನು. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಅವಳು ಕೈ ಚಾಚುವ ಹಾಗಿರಲಿಲ್ಲ, ಅಳುವ ಹಾಗೂ ಇರಲಿಲ್ಲ. ಭಾವನಿಗಾಗಿ ತಮ್ಮನ ಹೆಂಡತಿ ಅಷ್ಟು ಅತ್ತರೆ ನೋಡಿದವರು ಏನಂದಾರು?

ಅತ್ತೆ ಓದಲು ಬಾರದವಳು. ಕಂಬದ ಅಕ್ಷರಗಳ ಮೇಲೆ ಕೈಯಾಡಿಸಿ, “ಇಲ್ಲಿ ಏನು ಬರ್ದಿದೆ ಸ್ವಾಮಿ?” ಎಂದಳು.

“ಕ್ವೋನ್ ಚಾಂಗ್‌ಸಿಕ್ ಅಂತ ಅಜ್ಜಿ. ನಿಮ್ಮ ಮಗ.”

ಅತ್ತೆಯ ಕೈ ಮತ್ತೊಮ್ಮೆ ಅಕ್ಷರಗಳ ಮೇಲೆ ಓಡಿತು. ಆಮೇಲೆ ಅವಳು ಕಂಬವನ್ನು ಬಿಟ್ಟು ಮಣ್ಣಿಗೆ ಬಾಯಿ ಹಚ್ಚಿ ಬಿದ್ದಳು. ಬಿದ್ದವಳು ಕೂಗಿದಳು.

“ದುಸಿಕಾ! ಲೋ ದುಸಿಕಾ! ನಿಮ್ಮಮ್ಮ ಕಣೋ! ನಿನ್ನನ್ನೇ ಕಣೋ ಕರೀತಿರೋದು, ದುಸಿಕಾ!”

ಅಕ್ಕಪಕ್ಕದ ಹೆಂಗಸರು ತಿರುಗಿ ನೋಡಿದರು. ಯೋಂಗ್‌ಜುವಿನ ಮುಖ ಬಿಳಿಚಿತು. ಗುಮಾಸ್ತ ಕೈಯಲ್ಲಿದ್ದ ಕಾಗದ ನೋಡಿದ, ಕಂಬ ನೋಡಿದ.

“ದುಸಿಕ್ ಅಂದ್ರೆ ಯಾರು?”

ಪಿಲ್‌ಸುನ್ ಬೇಡಿದ್ದು ಆಗಿಹೋಗಿತ್ತು. ಆ ಹೆಸರು ಆ ಮಣ್ಣಿನೊಳಗೆ ಇಳಿದಿತ್ತು. ಈಗ ಹೋಗಿ ಅತ್ತೆಯ ಪಕ್ಕದಲ್ಲಿ ಬಿದ್ದು, ಆ ಕಂಬವನ್ನು ತಬ್ಬಿ, ಇಷ್ಟು ವರ್ಷದ್ದನ್ನೆಲ್ಲ ಅತ್ತುಬಿಡಬೇಕು ಎಂದು ಅವಳ ಮೈಯೆಲ್ಲ ಎಳೆಯುತ್ತಿತ್ತು. ಗುಮಾಸ್ತ ಇನ್ನೂ ಉತ್ತರಕ್ಕೆ ಕಾಯುತ್ತಿದ್ದ. ಯೋಂಗ್‌ಜು ತೋಳಿನ ಸಂದಿಯಿಂದ ಅವಳನ್ನೇ ನೋಡುತ್ತಿದ್ದಳು. ಬೇಡುವ ನೋಟ ಅದು.

“ನನ್ನ ಗಂಡ” ಎಂದಳು ಪಿಲ್‌ಸುನ್. “ಮನೇಲಿದಾರೆ.”

“ಓ, ಬೆರಳಿಲ್ಲದವನಾ? ಚೆನ್ನಾಗಿದಾನೆ ತಾನೆ?”

“ಚೆನ್ನಾಗಿದಾರೆ. ಬೆಳ್ಳುಳ್ಳಿ ಕೀಳ್ತಿದಾರೆ.”

ಗುಮಾಸ್ತ ನಿಟ್ಟುಸಿರು ಬಿಟ್ಟು ಅತ್ತೆಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ. ಅವಳ ಭುಜ ಹಿಡಿದು ಮೆಲ್ಲಗೆ ಎಬ್ಬಿಸಿದ.

“ಅಜ್ಜಿ, ದುಃಖದಲ್ಲಿ ಹೆಸರು ತಪ್ಪೋಗಿದೆ ನಿಮಗೆ. ಬದುಕಿರೋನ ಹೆಸರು ಹಿಡ್ಕೊಂಡು ಸಮಾಧಿ ಮುಂದೆ ಅಳಬಾರ್ದು, ಅವನಿಗೆ ಒಳ್ಳೇದಲ್ಲ. ದುಸಿಕ್ ಮನೇಲಿದಾನಂತೆ, ನಿಮ್ಮ ಸೊಸೆ ಹೇಳ್ತಿಲ್ವಾ? ಇಲ್ಲಿರೋನು ಚಾಂಗ್‌ಸಿಕ್. ಅವನ ಹೆಸರು ಹಿಡ್ಕೊಂಡು ಅಳಿ.”

ಮುದುಕಿ ಮಣ್ಣು ಮೆತ್ತಿದ ಮುಖವೆತ್ತಿ ಕಿರಿಯ ಸೊಸೆಯನ್ನು ನೋಡಿದಳು. ಪಿಲ್‌ಸುನ್ ತಲೆಯಾಡಿಸಿದಳು. ಆಗ ಅತ್ತೆ ಕಂಬದ ಕಡೆ ತಿರುಗಿ, “ಚಾಂಗ್‌ಸಿಕಾ, ಅಯ್ಯೋ ಚಾಂಗ್‌ಸಿಕಾ” ಎಂದು ಅಳತೊಡಗಿದಳು.